ಹಲಗೆ ಎತ್ತಿ ನೋಡಿ, ಆಮೇಲೆ ನೀರು ಕೊಡಿ: ಮನೆಯೊಳಗೆ ಜಿಂಕೆಕೊಂಬಿನ ಜರಿಗಿಡ

ತಿಪಟೂರು ಕಡೆ ಅಟ್ಟದ ಮೇಲೆ ಹಾಕಿದ ಕಾಯಿ ಕೊಬ್ಬರಿ ಆಗಿದೆಯೋ ಇಲ್ಲವೋ ತಿಳಿಯಲು ಯಾರೂ ಅದನ್ನು ಒಡೆದು ನೋಡುವುದಿಲ್ಲ. ಕೈಗೆತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಗಿಟುಕು ಲೊಟಲೊಟ ಅಂದರೆ ಆಯಿತು, ನೀರು ಕುಲುಕಿದರೆ ಇನ್ನೂ ಒಂದೆರಡು ತಿಂಗಳು ಬಿಡಬೇಕು. ಜಿಂಕೆಕೊಂಬಿನ ಜರಿಗಿಡ ಸಾಕುವವರಿಗೆ ಬೇಕಾದದ್ದೂ ಇದೇ ಕೈಯಂದಾಜು: ಗಿಡ ಕಟ್ಟಿದ ಮರದ ಹಲಗೆಯನ್ನು ಎತ್ತಿ ನೋಡಿ, ಹಗುರಾಗಿದ್ದರೆ ನೀರು, ಭಾರವಿದ್ದರೆ ಬೇಡ. ನರ್ಸರಿಯವರು ಸ್ಟ್ಯಾಗ್‌ಹಾರ್ನ್ ಅಂತ ಮಾರುವ ಈ ಗಿಡ, ನಾನು ಕಂಡ ಮಟ್ಟಿಗೆ, ನಮ್ಮ ತುಮಕೂರಿನ ಮನೆಗಳಲ್ಲಿ ಬಿಸಿಲಿಗೆ ಸತ್ತದ್ದಕ್ಕಿಂತ ನೀರಿಗೆ ಸತ್ತದ್ದೇ ಹೆಚ್ಚು. ಅದೂ ಪ್ರೀತಿಯಿಂದ ದಿನಾ ಬೆಳಗ್ಗೆ ಹಾಕುವ ಒಂದು ಚೊಂಬು ನೀರಿಗೆ. ಫಲಪುಷ್ಪ ಪ್ರದರ್ಶನದಲ್ಲಿ ತಂದ ನನ್ನ ಮೊದಲ ಗಿಡವನ್ನು ನಾನೂ ಹಾಗೇ ಕೊಂದೆ. "ದಿನಾ ನೀರು ಹಾಕಿ ಸಾರ್, ಏನೂ ಆಗಲ್ಲ" ಅಂದಿದ್ದರು ಮಾರಿದವರು. ಹಾಕಿದೆ. ಎರಡೇ ತಿಂಗಳಿಗೆ ಬುಡ ಕಪ್ಪಾಗಿ, ಮುಟ್ಟಿದರೆ ಎಲೆ ಕೈಗೆ ಬಂತು.

ಎರಡನೆಯದು ಈಗ ಆರು ವರ್ಷದ್ದು. ಅದರಿಂದ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದು ಎಂಥ ಗಿಡ

ಸಸ್ಯಶಾಸ್ತ್ರದ ಹೆಸರು ಪ್ಲಾಟಿಸೀರಿಯಂ. ಗ್ರೀಕ್‌ನಲ್ಲಿ ಪ್ಲಾಟಿಸ್ ಅಂದರೆ ಅಗಲ, ಕೆರಾಸ್ ಅಂದರೆ ಕೊಂಬು. ಈ ಕುಲದಲ್ಲಿ ಸುಮಾರು 18 ಜಾತಿಗಳಿವೆ. ನಮ್ಮ ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಬೈಫರ್ಕೇಟಂ ಎಂಬ ಜಾತಿ. ಅದರ ತವರು ಆಸ್ಟ್ರೇಲಿಯಾದ ಪೂರ್ವ ಭಾಗ, ನ್ಯೂಗಿನಿ ಮತ್ತು ಅಲ್ಲಿನ ದ್ವೀಪಗಳು. ನಮ್ಮ ದೇಶದ್ದೇ ಆದ ವಾಲಿಚೈ ಎಂಬ ಜಾತಿ ಮಣಿಪುರದ ಕಡೆ ಕಾಡುಮರಗಳ ಮೇಲಿದೆ. ಅದು ಬೇಸಗೆಯಲ್ಲಿ ಮುದುಡಿ ಮಲಗಿ ಮಳೆಗೆ ಎದ್ದೇಳುವ ಗಿಡ, ಸಾಕುವುದು ಕಷ್ಟ. ಕಾಡಿನಿಂದ ಕಿತ್ತು ತಂದದ್ದನ್ನು ಯಾರಾದರೂ ಮಾರಿದರೆ ಕೊಳ್ಳಬೇಡಿ. ಶುರು ಮಾಡುವವರಿಗೆ ಬೈಫರ್ಕೇಟಮ್ಮೇ ಸಾಕು, ಅದರಷ್ಟು ತಾಳಿಕೊಳ್ಳುವ ಜಾತಿ ಇನ್ನೊಂದಿಲ್ಲ.

ಕೊಂಬು ಅಂದಮೇಲೆ ಒಂದು ಮಾತು. ನಮ್ಮ ಜಿಲ್ಲೆಯವರಿಗೆ ಕೊಂಬು ಅಂದರೆ ಮೊದಲು ನೆನಪಾಗುವುದು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗ. ಅದರ ಕೊಂಬು ತಿರುಪಿನ ಹಾಗೆ ಸುತ್ತಿಕೊಂಡು ನೇರ ಮೇಲೆ ಹೋಗುತ್ತದೆ, ಕವಲಿಲ್ಲ. ಈ ಗಿಡದ ಎಲೆಯಲ್ಲಿ ಕಾಣುವುದು ಚುಕ್ಕೆ ಜಿಂಕೆಯ, ಕಡವೆಯ ಕವಲುಗೊಂಬು.

ಇದು ಮರದ ಮೇಲೆ ಬೆಳೆಯುವ ಗಿಡ, ಮಣ್ಣಿನದಲ್ಲ. ಹಾಗಂತ ಬಂದಳಿಕೆಯೂ ಅಲ್ಲ. ನಮ್ಮೂರಿನ ಅಜ್ಜಿಯೊಬ್ಬರು ಇದನ್ನು ನೋಡಿ "ಮರದ ಮ್ಯಾಲೆ ಬೆಳೆಯೋದು ಅಂದ್ರೆ ಬಂದಳಿಕೆನೇ ಕಣಪ್ಪ, ಮಾವಿನ ಮರ ಹಾಳು ಮಾಡ್ತೀಯ" ಅಂದಿದ್ದರು. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಇದು ತೊಗಟೆಯನ್ನು ಬರೀ ಹಿಡಿದುಕೊಂಡು ಕೂರುತ್ತದೆ, ಊಟವೆಲ್ಲ ಮಳೆನೀರು ಮತ್ತು ಮೇಲಿಂದ ಉದುರಿ ಕೊಳೆತ ಎಲೆಗಳದ್ದು. ಆರೈಕೆಯ ಸೂತ್ರಗಳೆಲ್ಲ ಈ ಒಂದು ಸಂಗತಿಯಿಂದಲೇ ಹೊರಡುತ್ತವೆ: ಮಳೆ ಬಂದಾಗ ತೊಯ್ದು ತೊಪ್ಪೆ, ನಿಂತಮೇಲೆ ಗಾಳಿಗೆ ಒಣಗು.

ಕಂದು ಎಲೆ ಕೀಳಬೇಡಿ

ಗಿಡದಲ್ಲಿ ಎರಡು ಥರದ ಎಲೆ ಇರುತ್ತದೆ. ಕೊಂಬಿನ ಹಾಗೆ ಕವಲೊಡೆದು ಮುಂದೆ ಚಾಚುವುದು ಒಂದು. ಬುಡದಲ್ಲಿ ದುಂಡಗೆ, ಗುರಾಣಿಯ ಹಾಗೆ ಹಲಗೆಯನ್ನು ಅಪ್ಪಿಕೊಳ್ಳುವುದು ಇನ್ನೊಂದು. ಗುರಾಣಿ ಎಲೆ ಹಸಿರಾಗಿ ಹುಟ್ಟಿ, ಕೆಲವು ತಿಂಗಳಲ್ಲಿ ಕಂದು ಕಾಗದದಂತಾಗುತ್ತದೆ. ಅದು ಸಾವಲ್ಲ. ಒಂದರ ಮೇಲೊಂದು ಪದರ ಕಟ್ಟಿ ಬೇರನ್ನು ಮುಚ್ಚುವುದು, ತೇವ ಹಿಡಿಯುವುದು, ಉದುರಿದ ಕಸವನ್ನು ಗೊಬ್ಬರ ಮಾಡಿಕೊಳ್ಳುವುದು ಅದರ ಕೆಲಸ.

ಒಂದು ಯುಗಾದಿಗೆ ಮನೆ ತೊಳೆಯುವ ಸಂಭ್ರಮದಲ್ಲಿ ನಮ್ಮಮ್ಮ ಎರಡು ಗುರಾಣಿ ಎಲೆ ಎಳೆದು ಹಾಕಿಬಿಟ್ಟಿದ್ದರು. "ಒಣಗೋಗಿತ್ತು ಕಣೋ, ಹಬ್ಬದ ದಿನ ಬಾಗಿಲಲ್ಲಿ ಒಣಗಿದ್ದು ಯಾಕೆ ಅಂತ ಕಿತ್ತಾಕ್ದೆ." ಅವರ ಮಾತಲ್ಲೂ ತಪ್ಪಿಲ್ಲ, ನೋಡಿದರೆ ಯಾರಿಗಾದರೂ ಕೀಳಬೇಕು ಅನ್ನಿಸುತ್ತದೆ. ಆದರೆ ಪದರದ ಜೊತೆ ಸಣ್ಣ ಬೇರುಗಳೂ ಕಿತ್ತುಬಂದವು, ಆ ಬೇಸಗೆ ಪೂರ್ತಿ ಗಿಡ ಬಾಡಿಕೊಂಡೇ ಇತ್ತು. ಮನೆಗೆ ಗಿಡ ತಂದ ದಿನವೇ ಕಸ ಗುಡಿಸುವವರಿಗೂ ಸೇರಿ ಎಲ್ಲರಿಗೂ ಹೇಳಿಬಿಡಿ.

ಕೊಂಬಿನ ಎಲೆಯ ಮೇಲಿನ ಬಿಳಿ ಧೂಳಿನಂಥದ್ದೂ ಹಾಗೇ. ಅದು ಧೂಳಲ್ಲ, ನವಿರಾದ ರೋಮ. ಬಿಸಿಲನ್ನು ಚೆದುರಿಸಿ, ನೀರು ಆರಿಹೋಗದಂತೆ ಕಾಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಎಲೆ ಪಳಪಳ ಹೊಳೆಯುತ್ತದೆ, ಆ ಹೊಳಪೇ ಅದಕ್ಕೆ ಆದ ಗಾಯ. ನಿಜವಾಗಿ ಧೂಳು ಕೂತಿದ್ದರೆ ಮಳೆಗೆ ಹಿಡಿಯಿರಿ, ಇಲ್ಲವೇ ಸಣ್ಣಗೆ ನೀರು ಚಿಮುಕಿಸಿ. ಇದೇ ಕಾರಣಕ್ಕೆ ಅಡುಗೆಮನೆಯಲ್ಲಿ ನೇತುಹಾಕಬೇಡಿ. ಒಗ್ಗರಣೆ ಹೊಗೆಯ ಜಿಡ್ಡು ಆ ರೋಮಕ್ಕೆ ಅಂಟಿದರೆ ತೆಗೆಯುವ ದಾರಿಯೇ ಇಲ್ಲ.

ಜಾಗ ಹುಡುಕುವುದು

ಪೂರ್ವಕ್ಕೆ ಮುಖ ಮಾಡಿದ ಸಿಟೌಟ್ ಅಥವಾ ಜಗುಲಿ ಇದ್ದರೆ ಅದೇ ಸರಿ. ಬೆಳಗಿನ ಎಳೆ ಬಿಸಿಲು ಎಂಟೂವರೆ, ಒಂಬತ್ತರವರೆಗೆ ಬಿದ್ದರೆ ಒಳ್ಳೆಯದೇ. ಪಶ್ಚಿಮದ ಗೋಡೆ ಬೇಡ. ಮಾರ್ಚ್‌ನಿಂದ ಮೇವರೆಗೆ ಅದು ಸಂಜೆ ಏಳಾದರೂ ಕಾವಲಿಯ ಹಾಗೆ ಕಾದಿರುತ್ತದೆ. ಮನೆಯೊಳಗಾದರೆ ಕಿಟಕಿಯಿಂದ ಮೂರು ನಾಲ್ಕು ಅಡಿಯೊಳಗೆ ಇರಲಿ. ಬೆಳಕು ಸಾಕೇ ಅನ್ನುವುದಕ್ಕೆ ಒಂದು ಸುಲಭದ ಪರೀಕ್ಷೆ: ಮಧ್ಯಾಹ್ನ ಆ ಜಾಗದಲ್ಲಿ ಗೋಡೆಗೆ ಒಂದಡಿ ದೂರ ಕೈ ಹಿಡಿಯಿರಿ. ನೆರಳು ಮಸುಕಾಗಿ ಬಿದ್ದರೆ ಸರಿ. ಬೆರಳು ಬೆರಳೂ ಎಣಿಸುವಷ್ಟು ಸ್ಪಷ್ಟವಾಗಿದ್ದರೆ ಬಿಸಿಲು ಜಾಸ್ತಿ. ನೆರಳೇ ಬೀಳದಿದ್ದರೆ ಅಲ್ಲಿ ದೇವರ ಫೋಟೋ ಹಾಕಿ, ಗಿಡ ಬೇಡ.

ಗಾಳಿ ಆಡಬೇಕು, ಆದರೆ ಎಸಿಯ ಒಣಗಾಳಿ ನೇರ ಬಡಿಯಬಾರದು. ನಮ್ಮ ಡಿಸೆಂಬರ್, ಜನವರಿಯ ಚಳಿ ಇದಕ್ಕೆ ಲೆಕ್ಕಕ್ಕಿಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದಮೇಲೆ ಶುರುವಾಗುವ ಒಣ ಸೆಕೆಯೇ ಇದರ ಕಷ್ಟಕಾಲ. ಬೆಕ್ಕು, ನಾಯಿ ಇರುವ ಮನೆಯವರು ಹೆದರಬೇಕಿಲ್ಲ, ಈ ಎಲೆ ಅವಕ್ಕೆ ವಿಷವಲ್ಲ.

ಹಲಗೆಗೆ ಕಟ್ಟುವುದು

ನರ್ಸರಿಯಿಂದ ಇದು ಸಾಮಾನ್ಯವಾಗಿ ಪ್ಲಾಸ್ಟಿಕ್ ಕುಂಡದಲ್ಲಿ ಬರುತ್ತದೆ. ಒಂದೆರಡು ವರ್ಷ ಅಲ್ಲೇ ಬಿಟ್ಟರೂ ಬದುಕುತ್ತದೆ, ಆದರೆ ಗುರಾಣಿ ಎಲೆ ಕುಂಡದ ಬಾಯಿ ಮುಚ್ಚಿಕೊಂಡಮೇಲೆ ನೀರು ಒಳಗೆ ಹೋಗಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಹಲಗೆಗೆ ಏರಿಸುವುದೇ ಲೇಸು.

ಕಾಲ ಯಾವುದು ಅಂದರೆ ನಾನು ಮೃಗಶಿರಾ ಮಳೆ ಅನ್ನುತ್ತೇನೆ. ಜೂನ್ ಎರಡನೆಯ ವಾರ, ಸೆಕೆ ಇಳಿದು ಗಾಳಿಯಲ್ಲಿ ಪಸೆ ಬಂದಿರುತ್ತದೆ, ಗಿಡಕ್ಕೂ ಬೇರು ಬಿಡುವ ಹುರುಪು. ಜಿಂಕೆತಲೆಯ ನಕ್ಷತ್ರದಲ್ಲಿ ಜಿಂಕೆಕೊಂಬು ಕಟ್ಟುವುದು ಕೇಳಲಿಕ್ಕೂ ಚಂದ.

ಹಲಗೆ ಒಂದಡಿ ಉದ್ದಗಲ, ಒಂದಿಂಚು ದಪ್ಪ ಇದ್ದರೆ ಸಣ್ಣ ಗಿಡಕ್ಕೆ ನಾಲ್ಕೈದು ವರ್ಷ ಆಗುತ್ತದೆ. ತೇಗ ಅಥವಾ ಹಲಸು ಸಿಕ್ಕರೆ ಬಿಡಬೇಡಿ. ಹಳೇ ಬಾಗಿಲಿನ ತುಂಡಾದರೂ ಆದೀತು, ಬಣ್ಣ, ವಾರ್ನಿಷ್ ಬಳಿದಿರಬಾರದು. ಪ್ಲೈವುಡ್ ಒಂದೇ ಮಳೆಗಾಲಕ್ಕೆ ಪದರ ಪದರ ಬಿಡುತ್ತದೆ.

ಮೊದಲ ಕೆಲಸ ಹಲಗೆಯ ಹಿಂದೆ ನೇತುಹಾಕುವ ಕೊಕ್ಕೆ ಹೊಡೆಯುವುದು. ಗಿಡ ಕಟ್ಟಿದಮೇಲೆ ಹೊಡೆಯೋಣ ಅಂದುಕೊಂಡರೆ ಹಲಗೆ ಬೋರಲು ಹಾಕಲು ಆಗದೆ ಒದ್ದಾಡಬೇಕಾಗುತ್ತದೆ. ನಾನು ಒದ್ದಾಡಿದ್ದೇನೆ. ಆಮೇಲೆ ಮುಂಭಾಗದಲ್ಲಿ ಗಿಡದ ಬುಡಕ್ಕಿಂತ ಎರಡಿಂಚು ದೊಡ್ಡದಾಗಿ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು, ಅದರ ಮೇಲೆ ಎಂಟು ಮೊಳೆ ಹೊಡೆಯಿರಿ. ಒಂದೂವರೆ ಇಂಚಿನ ಮೊಳೆ, ಅರ್ಧದಷ್ಟು ಹೊರಗಿರಲಿ. ತುಕ್ಕು ಹಿಡಿಯದ ಜಾತಿಯದ್ದು ತನ್ನಿ. ತಾಮ್ರದ ಮೊಳೆ, ತಾಮ್ರದ ತಂತಿ ಮಾತ್ರ ಬೇಡ, ಬೇರಿಗೆ ಆಗುವುದಿಲ್ಲ.

ಗಿಡದ ಹಾಸಿಗೆಗೆ ಎಲ್ಲ ಕಡೆ ಸ್ಫ್ಯಾಗ್ನಂ ಮಾಸ್ ಹೇಳುತ್ತಾರೆ. ಆನ್‌ಲೈನ್‌ನಲ್ಲಿ ಸಿಗುತ್ತದೆ, ಬೆಲೆ ಜಾಸ್ತಿ. ಕಲ್ಪತರು ನಾಡಿನಲ್ಲಿ ಕೂತು ಹೊರಗಿನ ಪಾಚಿ ಯಾಕೆ ತರಿಸಬೇಕು ಅನ್ನುವುದು ನನ್ನ ವಾದ. ತೆಂಗಿನಕಾಯಿ ಮಟ್ಟೆಯ ನಾರು ಸಾಕು, ಆದರೆ ಹಾಗೇ ಬಳಸಬೇಡಿ. ಮಟ್ಟೆಯಲ್ಲಿ ಉಪ್ಪೂ ಟ್ಯಾನಿನ್ನೂ ಇರುತ್ತದೆ. ನಾರನ್ನು ಬಿಡಿಸಿ ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿಡಿ. ಮಾರನೆಯ ದಿನ ನೋಡಿದರೆ ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗಿರುತ್ತದೆ. ಅದನ್ನು ಚೆಲ್ಲಿ ಮತ್ತೆ ಹೊಸ ನೀರು. ತಿಳಿಯಾಗುವವರೆಗೆ ನಾಲ್ಕೈದು ದಿನ ಇದೇ ಕೆಲಸ. ಮಾಸ್ ಸ್ವಲ್ಪ ಇದ್ದರೆ ನಾರಿನ ನಡುವೆ ಸೇರಿಸಿ, ತೇವ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಬರೀ ಕೊಕೊಪಿಟ್, ಅಂದರೆ ಮಟ್ಟೆಯ ಪುಡಿ, ಬೇಡ, ಅದು ಗೊಜ್ಜಿನ ಹಾಗೆ ಕೂತು ಬೇರಿಗೆ ಉಸಿರಾಡಲು ಬಿಡುವುದಿಲ್ಲ.

ತೊಳೆದ ನಾರನ್ನು ಹಿಂಡಿ, ದೊಡ್ಡದೊಂದು ರಾಗಿಮುದ್ದೆಯಷ್ಟು ಉಂಡೆ ಮಾಡಿ ವೃತ್ತದ ನಡುವೆ ಇಟ್ಟು ಅಂಗೈಯಲ್ಲಿ ತಟ್ಟಿ. ಮುದ್ದೆಗೆ ಸಾರು ಹಾಕಲು ಗುಳಿ ಮಾಡುತ್ತೇವಲ್ಲ, ಹಾಗೆ ನಡುವೆ ಒಂದು ಗುಳಿ ಮಾಡಿ. ಇನ್ನು ಗಿಡವನ್ನು ಕುಂಡದಿಂದ ಬಿಡಿಸಿ, ಬೇರಿನ ಗಂಟಿನ ಕೆಳಗಿನ ಅರ್ಧ ಮಣ್ಣನ್ನು ಬೆರಳಲ್ಲೇ ಉದುರಿಸಿ. ಪೂರ್ತಿ ತೊಳೆಯಲು ಹೋಗಬೇಡಿ. ಗುಳಿಯಲ್ಲಿ ಕೂರಿಸುವ ಮುಂಚೆ ಗಿಡದ ಕಣ್ಣು ಎಲ್ಲಿದೆ ನೋಡಿಕೊಳ್ಳಿ. ಗುರಾಣಿ ಎಲೆಗಳ ನಡುವೆ, ಹೊಸ ಎಲೆಗಳು ಹೊರಡುವ ಬಿಳಿ ರೋಮದ ಮೊಗ್ಗಿನಂಥ ಜಾಗವೇ ಕಣ್ಣು. ಅದು ಹೊರಮುಖವಾಗಿ ಕಾಣುತ್ತಿರಬೇಕು. ನಾರಿನಲ್ಲಿ ಹೂತರೆ ಕೊಳೆಯುತ್ತದೆ, ಇಡೀ ಗಿಡಕ್ಕೆ ಇರುವುದು ಅದೊಂದೇ. ಗುರಾಣಿ ಎಲೆಯ ತೆರೆದ ಬಾಯಿ ಮೇಲಕ್ಕಿರಲಿ.

ಕಟ್ಟಲು ಮೀನು ಹಿಡಿಯುವ ತಂಗೂಸಿ ದಾರ ಸರಿ. ಒಂದು ಮೊಳೆಗೆ ಗಂಟು ಹಾಕಿ, ಎದುರಿನ ಮೊಳೆಗೆ ಎಳೆದು, ಅಲ್ಲಿಂದ ಪಕ್ಕದ್ದಕ್ಕೆ, ಹೀಗೆ ನಕ್ಷತ್ರದ ಹಾಗೆ ಸುತ್ತುತ್ತಾ ಬನ್ನಿ. ದಾರ ಗುರಾಣಿ ಎಲೆಯ ಮೇಲೆ ಹಾದುಹೋಗಬಹುದು, ಕಣ್ಣಿನ ಮೇಲೆ ಹೋಗಕೂಡದು, ಕೊಂಬಿನ ಎಲೆಯ ಬುಡವನ್ನು ಕೊಯ್ಯಕೂಡದು. ಹಲಗೆ ಎತ್ತಿ ಮೆಲ್ಲಗೆ ಕುಲುಕಿದಾಗ ಗಿಡ ಅಲ್ಲಾಡದಿದ್ದರೆ ಬಿಗಿ ಸರಿಯಾಗಿದೆ. ಮುಂದಿನ ಮಳೆಗಾಲದ ಹೊತ್ತಿಗೆ ಹೊಸ ಗುರಾಣಿ ಎಲೆ ದಾರವನ್ನೂ ಮೊಳೆಯನ್ನೂ ಮುಚ್ಚಿಕೊಂಡು, ಗಿಡ ತಾನಾಗಿ ಹುಟ್ಟಿದಂತೆ ಕಾಣುತ್ತದೆ. ಅಲ್ಲಿಯವರೆಗೆ ದಾರ ಬಿಚ್ಚಬೇಡಿ. ಮೊದಲ ಎರಡು ವಾರ ನೆರಳಲ್ಲಿಟ್ಟು ಆಮೇಲೆ ಗೋಡೆಗೆ ಏರಿಸಿ.

ನೀರು

ಎಲೆ ನೋಡಿ ನೀರು ಕೊಡುವವರು ಇಲ್ಲಿ ಮೋಸಹೋಗುತ್ತಾರೆ. ಬಾಯಾರಿದಾಗಲೂ ಎಲೆ ಜೋತುಬೀಳುತ್ತದೆ, ಬೇರು ಕೊಳೆತಾಗಲೂ ಜೋತುಬೀಳುತ್ತದೆ. ಮುಟ್ಟಿ ನೋಡಿದರೆ ಮೇಲಿನ ನಾರು ಒಣಗಿರುತ್ತದೆ, ಒಳಗೆ ಒದ್ದೆ. ಹಾಗಾಗಿ ಹಲಗೆಯನ್ನು ಗೋಡೆಯಿಂದ ಇಳಿಸಿ ಕೈಯಲ್ಲಿ ಎತ್ತಿ ನೋಡಿ. ಒಂದು ತಿಂಗಳು ಮಾಡಿದರೆ ಕೈಗೇ ಗೊತ್ತಾಗುತ್ತದೆ. ನಂಬಿಕೆ ಬರದಿದ್ದರೆ ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಬಳಸಿ. ನಮ್ಮನೆಯದು ನೀರು ಕುಡಿದು ಸೋರಿ ನಿಂತಾಗ 2 ಕಿಲೋ 100 ಗ್ರಾಂ, ಒಣಗಿದಾಗ 1 ಕಿಲೋ 400. 1 ಕಿಲೋ 500ಕ್ಕೆ ಬಂದಾಗ ಬಕೆಟ್ ತೆಗೆಯುತ್ತೇನೆ. ನಿಮ್ಮ ಹಲಗೆಯ ತೂಕ ಬೇರೆ ಇರುತ್ತದೆ, ಅದರ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ.

ಕೊಡುವುದು ಹೀಗೆ. ಅಗಲ ಬಾಯಿಯ ಟಬ್‌ನಲ್ಲಿ ನೀರು ತುಂಬಿ, ಹಲಗೆಯ ಬುಡಭಾಗವನ್ನು ನಾರು ಮುಳುಗುವಂತೆ ಹತ್ತು ಹದಿನೈದು ನಿಮಿಷ ಅದ್ದಿಡಿ. ಮೊದಲು ಬುಳುಬುಳು ಗುಳ್ಳೆ ಬರುತ್ತವೆ, ಗುಳ್ಳೆ ನಿಂತರೆ ಹೊಟ್ಟೆ ತುಂಬಿತು ಅಂತ. ಎತ್ತಿ, ಬಚ್ಚಲಲ್ಲೋ ಹಿತ್ತಲಲ್ಲೋ ಒಂದು ಗಂಟೆ ಸೋರಲು ಬಿಟ್ಟು ಮತ್ತೆ ಗೋಡೆಗೆ ಹಾಕಿ. ಒದ್ದೆ ಹಲಗೆಯನ್ನೇ ಗೋಡೆಗೆ ಒತ್ತಿದರೆ ಸುಣ್ಣ ಬಣ್ಣವೆಲ್ಲ ಉಬ್ಬುತ್ತದೆ. ಹಲಗೆಯ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ಚೂರು ಅಂಟಿಸಿದರೆ ಗಾಳಿ ಆಡುತ್ತದೆ.

ಎಷ್ಟು ದಿನಕ್ಕೊಮ್ಮೆ ಅಂತ ಕೇಳಿದರೆ ಅಂದಾಜು ಇಷ್ಟು: ಜೂನ್, ಜುಲೈನಲ್ಲಿ ವಾರಕ್ಕೊಮ್ಮೆ, ಏಪ್ರಿಲ್‌ನಲ್ಲಿ ವಾರಕ್ಕೆರಡು ಸಲ, ಚಳಿಗಾಲದಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನದು. ಹಸ್ತಾ, ಚಿತ್ತಾ ಮಳೆ ಬಿಡದೆ ಹಿಡಿದರೆ ಸಿಟೌಟ್‌ನಲ್ಲಿದ್ದ ಗಿಡ ಒಣಗುವುದೇ ಇಲ್ಲ, ಆಗ ಒಳಗೆ ತಂದು ಫ್ಯಾನ್ ಗಾಳಿಗೆ ಇಡುವುದೂ ಉಂಟು. ತಕ್ಕಡಿಯ ಮುಂದೆ ಕ್ಯಾಲೆಂಡರ್ ಯಾವತ್ತೂ ಸೋಲುತ್ತದೆ. ಬೇಸಗೆಯಲ್ಲಿ ಸಂಜೆ ಹೊತ್ತು ಎಲೆಗೆ ನೀರು ಚಿಮುಕಿಸಬಹುದು, ಆದರೆ ಅದು ಮುಖ ತೊಳೆದಂತೆ, ನೀರು ಕುಡಿಸಿದಂತಲ್ಲ.

ನೀರಿನ ಗುಣದ ಬಗ್ಗೆ ಇಲ್ಲಿ ಸ್ವಲ್ಪ ಹೆಚ್ಚೇ ಎಚ್ಚರ ಬೇಕು. ನಮ್ಮ ಬೋರ್‌ವೆಲ್ ನೀರು ಗಡಸು, ಗೀಸರ್ ಕಾಯಿಲ್ ಬಿಚ್ಚಿ ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಅದೇ ಉಪ್ಪು ನಾರಿನಲ್ಲೂ ಕೂರುತ್ತದೆ, ಎಲೆಯ ತುದಿ ಕಂದಾಗಿ ಮುರುಟುತ್ತದೆ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ನಲ್ಲಿಯಲ್ಲಿ ಸಿಕ್ಕರೆ ಅದು ವಾಸಿ. ಒಂದು ರಾತ್ರಿ ಬಕೆಟ್‌ನಲ್ಲಿ ತೆರೆದಿಟ್ಟರೆ ಕ್ಲೋರಿನ್ ವಾಸನೆ ಹೋಗುತ್ತದೆ. ಎಲ್ಲಕ್ಕಿಂತ ಮೇಲು ಮಳೆನೀರು. ತಾರಸಿಯ ಪೈಪಿನ ಕೆಳಗೆ ಒಂದು ಡ್ರಮ್ ಇಟ್ಟು, ಮೊದಲ ಮಳೆಯ ಕೊಳೆ ಬಿಟ್ಟು ಆಮೇಲಿನದನ್ನು ಹಿಡಿದು ಸೊಳ್ಳೆ ಬಾರದಂತೆ ಬಟ್ಟೆ ಕಟ್ಟಿಡಿ. ಆರ್‌ಒ ಮಿಷನ್ನಿನಿಂದ ಹೊರಗೆ ಹೋಗುವ ವೇಸ್ಟ್ ನೀರನ್ನು ಗಿಡಕ್ಕೆ ಹಾಕುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಈ ಗಿಡಕ್ಕೆ ಅದು ಬೇಡವೇ ಬೇಡ. ಉಪ್ಪೆಲ್ಲ ಉಳಿದಿರುವುದು ಅದರಲ್ಲೇ.

ಗೊಬ್ಬರ

ಡ್ರಿಪ್ ಇರುವ ರೈತರು ಬಳಸುವ 19:19:19, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮ ಇರುವ, ನೀರಲ್ಲಿ ಕರಗುವ ಗೊಬ್ಬರ, ಯಾವ ಗೊಬ್ಬರದಂಗಡಿಯಲ್ಲೂ ಸಿಗುತ್ತದೆ. ತೋಟದಲ್ಲಿ ಸಿಂಪಡಣೆಗೆ ಲೀಟರಿಗೆ 5 ಗ್ರಾಂ ಹಾಕುತ್ತಾರೆ, ಇದಕ್ಕೆ 1 ಗ್ರಾಂ ದಾಟಬಾರದು. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಅದ್ದುವ ನೀರಿನಲ್ಲೇ ಕರಗಿಸಿ. ಚಳಿಗಾಲದಲ್ಲಿ ಬೇಡ. ಬಾಳೆಹಣ್ಣಿನ ಸಿಪ್ಪೆಯನ್ನು ಗುರಾಣಿ ಎಲೆಯ ಹಿಂದೆ ಸಿಕ್ಕಿಸಿ ಅನ್ನುವ ಸಲಹೆ ವಿಡಿಯೋಗಳಲ್ಲಿ ಓಡಾಡುತ್ತಿದೆ. ನಾನು ಮಾಡಿ ನೋಡಿದೆ, ಗಿಡಕ್ಕೆ ಏನಾಯಿತೋ ತಿಳಿಯದು, ಇರುವೆಗಳಿಗಂತೂ ಹಬ್ಬ.

ಏನೋ ಆಗಿದೆ ಅನ್ನಿಸಿದಾಗ

ಕೊಂಬಿನೆಲೆಯ ತುದಿಯ ಕೆಳಭಾಗದಲ್ಲಿ ಕಂದು ಬಣ್ಣದ, ಮಖಮಲ್ಲಿನಂಥ ತೇಪೆ ಕಂಡರೆ ರೋಗ ಅಂತ ಕತ್ತರಿಸಬೇಡಿ. ಅವು ಬೀಜಕಗಳು. ಜರಿಗಿಡ ಹೂ ಬಿಡುವುದಿಲ್ಲ, ಇದೇ ಅದರ ಸಂತಾನದ ದಾರಿ. ಗಿಡ ಪ್ರಾಯಕ್ಕೆ ಬಂದಿದೆ ಅಂತ ಖುಷಿಪಡಿ.

ಬುಡದಲ್ಲಿ ಕಪ್ಪು ಕಲೆ ಎದ್ದು, ಒತ್ತಿದರೆ ಮೆತ್ತಗಿದ್ದರೆ ಮಾತ್ರ ಅಪಾಯ. ಕೊಳೆತ ಎಲೆಯನ್ನು ಚೊಕ್ಕಟವಾದ ಬ್ಲೇಡಿನಿಂದ ತೆಗೆದು, ಗಿಡವನ್ನು ಗಾಳಿಯಾಡುವ ಕಡೆ ಇಟ್ಟು, ಹಲಗೆ ಪೂರ್ತಿ ಹಗುರಾಗುವವರೆಗೆ ನೀರಿನ ಸುದ್ದಿಗೇ ಹೋಗಬೇಡಿ. ಕಣ್ಣು ಗಟ್ಟಿಯಾಗಿದ್ದರೆ ಚೇತರಿಸಿಕೊಳ್ಳುತ್ತದೆ. ಎಲೆ ತುದಿ ಗರಿಗರಿಯಾಗಿ ಕಂದಾದರೆ ನೀರು ಸಾಲದು, ಇಲ್ಲವೇ ಉಪ್ಪು ಹೆಚ್ಚಾಗಿದೆ.

ಎಲೆ ಸಂದಿನಲ್ಲಿ ಹತ್ತಿಯ ಉಂಡೆಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಗಿಡದ ರೋಮ ಎಲ್ಲ ಕಡೆ ಒಂದೇ ಸಮ ಇರುತ್ತದೆ, ತಿಗಣೆ ಮೂಲೆ ಹಿಡಿದು ಗುಂಪಾಗಿ ಕೂರುತ್ತದೆ. ಕಂದು ಹುರುಪೆಯ ಹಾಗೆ ಅಂಟಿಕೊಂಡಿದ್ದರೆ ಶಲ್ಕ ಕೀಟ. ಎರಡರ ಸುಳಿವನ್ನೂ ಮೊದಲು ಕೊಡುವುದು ಇರುವೆ ಸಾಲು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಮುಟ್ಟಿಸಿ ತೆಗೆಯಿರಿ. ವಾರ ಬಿಟ್ಟು ಮತ್ತೊಮ್ಮೆ, ಇನ್ನೊಂದು ವಾರಕ್ಕೆ ಮಗದೊಮ್ಮೆ. ಬೇವಿನೆಣ್ಣೆ ಇಡೀ ಗಿಡಕ್ಕೆ ಹೊಡೆಯಬೇಡಿ, ರೋಮಕ್ಕೆ ಎಣ್ಣೆ ಮೆತ್ತಿಕೊಳ್ಳುತ್ತದೆ.

ಮರಿ ತೆಗೆಯುವುದು, ಮರಕ್ಕೆ ಏರಿಸುವುದು

ಬೈಫರ್ಕೇಟಂ ಗಿಡ ನಾಲ್ಕೈದು ವರ್ಷಕ್ಕೆ ಪಕ್ಕದಲ್ಲಿ ಮರಿ ಹಾಕುತ್ತದೆ. ಸೂಪರ್ಬಂನಂಥ ದೊಡ್ಡ ಜಾತಿಯವು ಮರಿ ಹಾಕುವುದಿಲ್ಲ, ಅವನ್ನು ತಂದವರು ಕಾಯಬೇಡಿ. ಬೀಜಕದಿಂದ ಗಿಡ ಮಾಡುವುದಕ್ಕೆ ವರ್ಷಗಟ್ಟಲೆ ತಾಳ್ಮೆ ಬೇಕು, ನನಗಿಲ್ಲ. ಮರಿಗೆ ತನ್ನದೇ ಗುರಾಣಿ ಎಲೆ ಬಂದು, ಕೊಂಬು ಒಂದು ಗೇಣಾದಮೇಲೆ, ಮಳೆಗಾಲದ ಆರಂಭದಲ್ಲಿ ಚೂರಿಯಿಂದ ಸುತ್ತ ಕೊಯ್ದು ಬೇರು ಸಮೇತ ಎತ್ತಿ. ಮುಂದಿನದು ಮೇಲೆ ಹೇಳಿದ ಹಾಗೇ.

ತೋಟ ಇರುವವರು ಒಂದು ಮರಿಯನ್ನು ಮಾವಿನ ಮರದ ಕವಲಿಗೆ, ಉತ್ತರ ಅಥವಾ ಪೂರ್ವದ ಮಗ್ಗುಲಿಗೆ ನಾರಿನ ಸಮೇತ ಕಟ್ಟಿ ನೋಡಿ. ತೆಂಗಿನ ಬೊಡ್ಡೆ ಬೇಡ, ಅಲ್ಲಿ ನೆರಳಿಲ್ಲ, ಕಾಯಿ ಕೀಳುವವರ ಕಾಲೂ ತಪ್ಪಿದ್ದಲ್ಲ. ಮೊದಲ ಎರಡು ಬೇಸಗೆ ವಾರಕ್ಕೊಮ್ಮೆ ಪೈಪು ಹಿಡಿಯಬೇಕಾಗುತ್ತದೆ. ನಮ್ಮ ಮಾವಿನ ಮರದ್ದಕ್ಕೆ ಮೂರು ವರ್ಷ ಆಯಿತು. ಬಂದಳಿಕೆ ಅಂದಿದ್ದ ಅಜ್ಜಿ ಈಗಲೂ ಅದನ್ನು ಬಂದಳಿಕೆ ಅಂತಲೇ ಕರೆಯುವುದು.

ಇನ್ನು ಹಲಗೆ. ಐದಾರು ವರ್ಷಕ್ಕೆ ಅದು ಮೆತ್ತಗಾಗುತ್ತದೆ, ಇಲ್ಲವೇ ಗುರಾಣಿ ಎಲೆ ನಾಲ್ಕೂ ಅಂಚು ದಾಟಿ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಆಗ ಗಿಡವನ್ನು ಹಳೆಯ ಹಲಗೆಯಿಂದ ಬಿಡಿಸಲು ಹೋಗಬೇಡಿ, ಬೇರು ಹಲಗೆಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಎರಡಡಿಯ ಹೊಸ ಹಲಗೆ ತಂದು, ಹಳೆಯದನ್ನು ಗಿಡದ ಸಮೇತ ಅದರ ಮೇಲೇ ಸ್ಕ್ರೂ ಹಾಕಿ ಬಿಗಿದು, ಸುತ್ತಲ ಸಂದಿಗೆ ತೊಳೆದ ನಾರು ತುರುಕಿ. ಹೊಸ ತೂಕವನ್ನು ಹಿಂದೆ ಮತ್ತೆ ಪೆನ್ಸಿಲ್‌ನಲ್ಲಿ ಬರೆಯಿರಿ. ಗೋಡೆಯ ಕೊಕ್ಕೆಯನ್ನೂ ದೊಡ್ಡದಕ್ಕೆ ಬದಲಿಸಿ, ನಮ್ಮದು ಒಮ್ಮೆ ನಡುರಾತ್ರಿ ಕಳಚಿ ಬಿದ್ದು ಮನೆಮಂದಿಯೆಲ್ಲ ಕಳ್ಳ ಬಂದ ಅಂತ ಎದ್ದು ಕೂತಿದ್ದೆವು.